ಸ್ಕೌಟ್ ದಳದ ಹೊರಸಂಚಾರ ಮತ್ತು ಊರ ಸೇವೆ: ನಾವು ಕಲಿತ ಪಾಠಗಳು

ಪೀಠಿಕೆ



"ಕೋಶ ಓದು, ದೇಶ ನೋಡು" ಎಂದು ಹಿರಿಯರು ಹೇಳಿದ್ದಾರೆ. ಕೋಶ ಓದುವುದನ್ನು ನಾವು ತರಗತಿಯಲ್ಲಿ ಕಲಿಯುತ್ತೇವೆ. ದೇಶ ನೋಡುವುದನ್ನು ಸ್ಕೌಟ್ ಕಲಿಸುತ್ತದೆ. ಸ್ಕೌಟ್ ಅಂದರೆ ಕತ್ತಿಗೆ ಸ್ಕಾರ್ಫ್ ಕಟ್ಟಿಕೊಂಡು ಆಗಸ್ಟ್ 15ಕ್ಕೆ ಪೆರೇಡ್ ಮಾಡೋದು ಅಷ್ಟೇ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಮೊದಲು ನಾನೂ ಹಾಗೇ ತಿಳಿದಿದ್ದೆ. ಈ ವರ್ಷ ನಮ್ಮ ದಳ ಬೆಟ್ಟ ಹತ್ತಿತು, ಹಕ್ಕಿ ನೋಡಿತು, ಊರಿನ ಕೆಲಸವನ್ನೂ ಮಾಡಿತು. ಅದರಲ್ಲಿ ಒಂದು ತಪ್ಪು ನನ್ನಿಂದಲೇ ಆಯ್ತು. ಅದನ್ನೂ ಬರೆ, ಬೇರೆಯವರಿಗೆ ಪಾಠ ಆಗುತ್ತೆ ಎಂದು ಸ್ಕೌಟ್ ಮೇಷ್ಟ್ರು ಹೇಳಿದ್ದರಿಂದ ಮುಚ್ಚಿಡದೆ ಬರೆದಿದ್ದೇನೆ.

ಸ್ಕೌಟ್ ಹುಟ್ಟಿದ ಬಗೆ

ಸ್ಕೌಟ್ ಚಳವಳಿಯನ್ನು ಆರಂಭಿಸಿದವರು ಇಂಗ್ಲೆಂಡಿನ ಸೇನಾಧಿಕಾರಿ ರಾಬರ್ಟ್ ಬೇಡನ್ ಪೊವೆಲ್. ಇವರು ಹುಟ್ಟಿದ್ದು 1857ರ ಫೆಬ್ರವರಿ 22ರಂದು. 1907ರ ಆಗಸ್ಟ್ ತಿಂಗಳಲ್ಲಿ ಬ್ರೌನ್‌ಸೀ ಎಂಬ ದ್ವೀಪಕ್ಕೆ ಸುಮಾರು 20 ಹುಡುಗರನ್ನು ಕರೆದುಕೊಂಡು ಹೋಗಿ ಶಿಬಿರ ನಡೆಸಿದರು. ಅದರಲ್ಲಿ ಶ್ರೀಮಂತರ ಮಕ್ಕಳೂ ಇದ್ದರು, ಬಡವರ ಮಕ್ಕಳೂ ಇದ್ದರು. ಎಲ್ಲರೂ ಒಂದೇ ಡೇರೆಗಳಲ್ಲಿ ಮಲಗಿ, ಒಂದೇ ಅಡುಗೆ ಉಂಡರು. 1908ರಲ್ಲಿ ಬೇಡನ್ ಪೊವೆಲ್ ಅವರು ಹುಡುಗರಿಗಾಗಿ ಪುಸ್ತಕ ಬರೆದರು. ಅದನ್ನು ಓದಿ ದೇಶ ದೇಶಗಳಲ್ಲಿ ಮಕ್ಕಳು ದಳ ಕಟ್ಟಿದರು.

ನಮ್ಮ ದೇಶದಲ್ಲಿ ಮೊದಲ ಸ್ಕೌಟ್ ದಳ ಆರಂಭವಾಗಿದ್ದು 1909ರಲ್ಲಿ. ಅದೂ ನಮ್ಮ ಬೆಂಗಳೂರಿನಲ್ಲಿ! ಆದರೆ ಆಗ ಭಾರತೀಯ ಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ ಅವಕಾಶ ಇತ್ತು. ನಮ್ಮ ಮಕ್ಕಳೂ ಕಲಿಯಬೇಕು ಎಂದು ಆನಿ ಬೆಸೆಂಟ್, ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು ಮುಂತಾದವರು ದುಡಿದರು. ಸ್ವಾತಂತ್ರ್ಯ ಬಂದ ಮೇಲೆ ಬೇರೆ ಬೇರೆ ಸಂಘಗಳು ಒಂದಾಗಿ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸಂಸ್ಥೆ ಆಯಿತು. 1951ರಲ್ಲಿ ಹುಡುಗಿಯರ ಗೈಡ್ಸ್ ಸಂಘವೂ ಇದರಲ್ಲಿ ಸೇರಿತು. ನಾವಿರುವ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ 4 ತಾಲ್ಲೂಕುಗಳಿವೆ.

ದಳದ ರಚನೆ ಮತ್ತು ನಿಯಮ

ದಳದಲ್ಲಿ 6ರಿಂದ 8 ಹುಡುಗರ ಚಿಕ್ಕ ಗುಂಪುಗಳಿರುತ್ತವೆ. ಇದಕ್ಕೆ ಪೆಟ್ರೋಲ್ ಎನ್ನುತ್ತಾರೆ. ಇದು ಬೈಕಿಗೆ ಹಾಕೋ ಪೆಟ್ರೋಲ್ ಅಲ್ಲ! ಪ್ರತಿ ಪೆಟ್ರೋಲಿಗೆ ಪ್ರಾಣಿ ಅಥವಾ ಪಕ್ಷಿಯ ಹೆಸರು ಇಡುತ್ತಾರೆ. ನಮ್ಮದು ಜಿಂಕೆ. ಇನ್ನೊಂದು ನವಿಲು. ಪ್ರತಿಯೊಂದಕ್ಕೂ ಒಬ್ಬ ಲೀಡರ್, ಒಬ್ಬ ಸೆಕೆಂಡ್ ಇರುತ್ತಾರೆ. ಜಿಂಕೆಗೆ ನಾನೇ ಲೀಡರ್.

ಸ್ಕೌಟ್ ನಿಯಮಗಳು 9. ಅವುಗಳ ಸಾರಾಂಶ ಇಷ್ಟು: ನಂಬಿಕೆ ಉಳಿಸಿಕೊಳ್ಳಬೇಕು, ನಿಷ್ಠೆ ಇರಬೇಕು, ಎಲ್ಲರಿಗೂ ಸ್ನೇಹಿತನಾಗಬೇಕು, ವಿನಯ ಇರಬೇಕು, ಪ್ರಾಣಿಗಳನ್ನೂ ಪ್ರಕೃತಿಯನ್ನೂ ಪ್ರೀತಿಸಬೇಕು, ಶಿಸ್ತಿನಿಂದಿದ್ದು ಸಾರ್ವಜನಿಕ ಆಸ್ತಿ ಕಾಪಾಡಬೇಕು, ಧೈರ್ಯ ಇರಬೇಕು, ಮಿತವ್ಯಯಿ ಆಗಬೇಕು, ಮನಸ್ಸು ಮಾತು ಕೆಲಸ ಮೂರೂ ಶುದ್ಧವಾಗಿರಬೇಕು. ಇದಲ್ಲದೆ ದಿನಕ್ಕೆ ಒಂದಾದರೂ ಒಳ್ಳೆಯ ಕೆಲಸ ಮಾಡಬೇಕು. ಸ್ಕೌಟಿನ ಧ್ಯೇಯವಾಕ್ಯ "ಸಿದ್ಧನಾಗಿರು".

ಹೊರಡುವ ಮುಂಚೆ

"ಸಿದ್ಧನಾಗಿರು" ಎಂಬ ಮಾತು ಬಾಯಲ್ಲಿ ಹೇಳಲು ಸುಲಭ. ಹೊರಸಂಚಾರಕ್ಕೆ ಹೋಗುವಾಗ ಅದರ ಅರ್ಥ ಗೊತ್ತಾಗುತ್ತದೆ. ಒಬ್ಬೊಬ್ಬರ ಚೀಲದಲ್ಲೂ ಇರಬೇಕಾದ ವಸ್ತುಗಳು ಇವು:

1. ನೀರು. ಬೆಟ್ಟ ಹತ್ತುವುದಿದ್ದರೆ ಒಬ್ಬರಿಗೆ 2 ಲೀಟರ್.
2. ಬುತ್ತಿ. ನಾವು ಚಿತ್ರಾನ್ನ, ಕಡಲೆಕಾಯಿ, ಬೆಲ್ಲ ಒಯ್ದಿದ್ದೆವು.
3. ಹಗ್ಗ, ಕೋಲು, ಸ್ಕಾರ್ಫ್. ಕೈ ಮುರಿದರೆ ಸ್ಕಾರ್ಫನ್ನು ಕತ್ತಿಗೆ ಜೋಲಿ ಕಟ್ಟಬಹುದು. ಗಾಯಕ್ಕೂ ಸುತ್ತಬಹುದು.
4. ಟೊಪ್ಪಿಗೆ, ಗಟ್ಟಿ ಚಪ್ಪಲಿ ಅಥವಾ ಬೂಟು.
5. ಪೆಟ್ರೋಲಿಗೆ ಒಂದು ಪ್ರಥಮ ಚಿಕಿತ್ಸೆ ಡಬ್ಬಿ ಮತ್ತು ವಿಶಲ್.
6. ಅಪ್ಪ ಅಮ್ಮನ ಒಪ್ಪಿಗೆ ಪತ್ರ.

ವಿಶಲ್ ಊದುವುದಕ್ಕೂ ಭಾಷೆ ಇದೆ. ಒಂದು ಉದ್ದ ಊದಿದರೆ "ಸುಮ್ಮನಿರಿ, ಗಮನಿಸಿ" ಎಂದು ಅರ್ಥ. ಚಿಕ್ಕ ಚಿಕ್ಕದಾಗಿ ಬೇಗ ಬೇಗ ಊದಿದರೆ "ಎಲ್ಲರೂ ಇಲ್ಲಿ ಬನ್ನಿ" ಎಂದು. ಚಿಕ್ಕದು ಉದ್ದದ್ದು ಬೆರೆಸಿ ಊದಿದರೆ ಅಪಾಯ. ಸಹಾಯ ಬೇಕಾದವರು ಯಾವುದೇ ಶಬ್ದವನ್ನು ಮೂರು ಮೂರು ಸಲ ಮಾಡಬೇಕು. ಹಾಗೆಯೇ ದಾರಿಯ ಗುರುತುಗಳೂ ಇವೆ. ಕಲ್ಲಿನಲ್ಲಿ ಬಾಣ ಜೋಡಿಸಿದರೆ ಈ ಕಡೆ ಹೋಗಿ, ಅಡ್ಡ ಗೆರೆಯ ಗುಣಾಕಾರ ಚಿಹ್ನೆ ಇದ್ದರೆ ಈ ಕಡೆ ಬೇಡ, ವೃತ್ತದ ನಡುವೆ ಚುಕ್ಕಿ ಇದ್ದರೆ ನಾನು ಮನೆಗೆ ಹೋದೆ ಎಂದು ಅರ್ಥ.

ಮಧುಗಿರಿ ಬೆಟ್ಟ: ನನ್ನ ತಪ್ಪು

ಮಧುಗಿರಿಗೆ ಮೊದಲು ಮದ್ದಗಿರಿ ಎಂಬ ಹೆಸರಿತ್ತು. ಮಧು ಎಂದರೆ ಜೇನು. ಈ ಬೆಟ್ಟದಲ್ಲಿ ಹೆಜ್ಜೇನು ಕಟ್ಟುತ್ತಿದ್ದರಿಂದ ಈ ಹೆಸರು ಬಂತು ಎನ್ನುತ್ತಾರೆ. ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರ ಇದೆ. ಏಷ್ಯಾ ಖಂಡದ ಬಹಳ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು ಎಂದು ಪ್ರಸಿದ್ಧಿ. ಏಕಶಿಲೆ ಎಂದರೆ ಇಡೀ ಬೆಟ್ಟವೇ ಒಂದು ಬಂಡೆ. ಪಾಳೇಗಾರರು ಇದರ ಮೇಲೆ ಕೋಟೆ ಕಟ್ಟಿದರು. ಆಮೇಲೆ ಅದು ಮೈಸೂರು ಅರಸರ ಕೈಗೆ ಬಂತು. ಹೈದರಾಲಿ ಅದನ್ನು ಇನ್ನೂ ಬಲಪಡಿಸಿದ. ದಾರಿಯಲ್ಲಿ ಒಂದರ ಮೇಲೊಂದು ಬಾಗಿಲು, ಕಣಜ, ನೀರಿನ ದೊಣೆಗಳು ಸಿಗುತ್ತವೆ. ಮೇಲೆ ಹೋದಂತೆ ಬರೀ ನುಣ್ಣನೆ ಬಂಡೆ. ಅದರಲ್ಲಿ ಕಾಲಿಡುವಷ್ಟೇ ಮೆಟ್ಟಿಲು ಕಡೆದಿದ್ದಾರೆ. ಕೆಲವು ಕಡೆ ಹಿಡಿದುಕೊಳ್ಳಲು ಕಂಬಿ ಇದೆ.

ಜೇನು ಇರುವ ಜಾಗದಲ್ಲಿ ಕಲ್ಲೆಸೆಯಬಾರದು, ಹೊಗೆ ಹಾಕಬಾರದು, ಸೆಂಟು ಹಾಕಿಕೊಂಡು ಹೋಗಬಾರದು. ಎದ್ದರೆ ಮುಖಕ್ಕೆ ಸ್ಕಾರ್ಫ್ ಮುಚ್ಚಿಕೊಂಡು ದೂರ ಹೋಗಬೇಕು. ಕಡಿದರೆ ಮುಳ್ಳನ್ನು ಉಗುರಿನಿಂದ ಕೆರೆದು ಬೇಗ ತೆಗೆಯಬೇಕು. ಇದನ್ನೆಲ್ಲ ಮೇಷ್ಟ್ರು ಬೆಟ್ಟದ ಬುಡದಲ್ಲೇ ಹೇಳಿದ್ರು. ನಾನು ತಲೆ ಆಡಿಸಿದೆ. ಆದರೆ ನನ್ನ ಮನಸ್ಸೆಲ್ಲ ನವಿಲು ಪೆಟ್ರೋಲಿಗಿಂತ ಮುಂಚೆ ಮೇಲೆ ಹೋಗಬೇಕು ಅನ್ನೋದರಲ್ಲೇ ಇತ್ತು.

ಹತ್ತೋಕೆ ಶುರು ಮಾಡಿದ್ವಿ. ಬೇಗ ಬನ್ರೋ, ಬೇಗ ಬನ್ರೋ ಅಂತ ಕೂಗ್ತಾ ನಾನು ಮುಂದೆ ಹೋದೆ. ಹಿಂದೆ ತಿರುಗಿ ನೋಡಲಿಲ್ಲ. ಒಂದು ಬಾಗಿಲ ಹತ್ತಿರ ನಿಂತು ಎಣಿಸಿದೆ. ನಾವು 7 ಜನ ಇರಬೇಕಿತ್ತು. 6 ಜನ ಮಾತ್ರ ಇದ್ವಿ. 5ನೇ ತರಗತಿಯ ಚಿಕ್ಕ ಹುಡುಗ ಇರಲಿಲ್ಲ. ನನ್ನ ಕೈಕಾಲು ತಣ್ಣಗಾಯ್ತು. ಒಂದು ಕಡೆ ಕೋಟೆ ಗೋಡೆ, ಇನ್ನೊಂದು ಕಡೆ ಇಳಿಜಾರು ಬಂಡೆ.

ನಾನು ಗಾಬರಿಯಿಂದ "ಇಲ್ಲಿ ಬಾ" ಎನ್ನುವ ವಿಶಲ್ ಊದಿದೆ. ಹಿಂದಿನಿಂದ ಬಂದ ಮೇಷ್ಟ್ರು ನನ್ನ ಕೈ ಹಿಡಿದು ನಿಲ್ಲಿಸಿದ್ರು. "ಅವನು ಎಲ್ಲಿದ್ದಾನೋ ಗೊತ್ತಿಲ್ಲ. ಬಾ ಅಂದ್ರೆ ಓಡಿ ಬಂದು ಜಾರ್ತಾನೆ. ಒಂದು ಉದ್ದ ಊದು. ಆಮೇಲೆ ಎಲ್ಲರೂ ಉಸಿರು ಬಿಗಿ ಹಿಡಿದು ಕೇಳಿ" ಅಂದ್ರು. ಊದಿದೆ. ಎಲ್ಲರೂ ಸುಮ್ಮನಾದ್ವಿ. ಕೆಳಗಡೆಯಿಂದ ಟಕ್ ಟಕ್ ಟಕ್ ಎಂದು ಮೂರು ಸಲ ಶಬ್ದ ಬಂತು. ಸ್ವಲ್ಪ ಹೊತ್ತಿಗೆ ಮತ್ತೆ ಮೂರು ಸಲ. ಅವನ ಹತ್ತಿರ ವಿಶಲ್ ಇರಲಿಲ್ಲ. ಕೋಲಿನಿಂದ ಬಂಡೆ ಕುಟ್ಟುತ್ತಿದ್ದ.

ಹೋಗಿ ನೋಡಿದರೆ ಗೋಡೆಯ ನೆರಳಲ್ಲಿ ಕೂತಿದ್ದ. ಚಪ್ಪಲಿಯ ಉಂಗುಟ ಕಿತ್ತುಹೋಗಿತ್ತು. ತಂದಿದ್ದು ಅರ್ಧ ಲೀಟರ್ ಬಾಟಲಿ. ಅದು ಖಾಲಿಯಾಗಿ ಬಹಳ ಹೊತ್ತಾಗಿತ್ತು. ತಲೆ ಸುತ್ತು ಬಂದಿತ್ತು. ಮೇಷ್ಟ್ರು ಅಂಗಿ ಗುಂಡಿ ಸಡಿಲಿಸಿ, ಮುಖಕ್ಕೆ ಒದ್ದೆ ಬಟ್ಟೆ ಒತ್ತಿ, ಉಪ್ಪು ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದ್ರು.

"ಯಾಕೋ ಕೂಗಲಿಲ್ಲ?" ಅಂತ ಕೇಳಿದೆ.

"ಕೂಗಿದೆ ಅಣ್ಣಾ. ನಿನಗೆ ಕೇಳಿಸಲಿಲ್ಲ. ದಾರಿ ತಪ್ಪಿದ್ರೆ ಅಲ್ಲೇ ಕೂತ್ಕೊಂಡು ಮೂರು ಸಲ ಸದ್ದು ಮಾಡಬೇಕು ಅಂತ ಮೇಷ್ಟ್ರು ಹೇಳಿದ್ರಲ್ಲ, ಅದಕ್ಕೆ ಕೂತೆ" ಅಂದ.

ಅವತ್ತು ನಾವು ತುದಿ ಮುಟ್ಟಲಿಲ್ಲ. ಜಿಂಕೆ ಪೆಟ್ರೋಲ್ ಅಲ್ಲಿಂದಲೇ ವಾಪಸ್ ಬಂತು. ಮೇಷ್ಟ್ರು ಬೈತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕೂತು, "ಲೀಡರ್ ಅಂದ್ರೆ ಮೊದಲು ಹೋಗೋನೋ, ಕೊನೆಯವನನ್ನ ಕರ್ಕೊಂಡು ಬರೋನೋ? ನೀನೇ ಯೋಚನೆ ಮಾಡಪ್ಪಾ" ಅಂದ್ರು. ಬೈದಿದ್ರೇ ವಾಸಿ ಇತ್ತು.

ಇದರಿಂದ ನಾವು ಬರೆದುಕೊಂಡ ನಿಯಮಗಳು: (1) ಹೊರಡುವ ಮುಂಚೆ ಲೀಡರ್ ಎಲ್ಲರ ಚೀಲ, ನೀರು, ಚಪ್ಪಲಿ ನೋಡಬೇಕು. (2) ಎಲ್ಲರಿಗಿಂತ ನಿಧಾನವಾಗಿ ನಡೆಯುವವನ ವೇಗವೇ ಎಲ್ಲರ ವೇಗ. (3) ಇಬ್ಬಿಬ್ಬರು ಜೋಡಿ, ಒಬ್ಬರನ್ನೊಬ್ಬರು ಬಿಡಬಾರದು. (4) ಪ್ರತಿ ನಿಲುಗಡೆಯಲ್ಲೂ ತಲೆ ಎಣಿಸಬೇಕು. (5) ಸೆಕೆಂಡ್ ಮುಂದೆ, ಲೀಡರ್ ಹಿಂದೆ.

ಉಪ್ಪು ಸಕ್ಕರೆ ನೀರು ಮಾಡುವ ಕ್ರಮ ಎಲ್ಲರೂ ತಿಳಿದಿರಿ: ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಭೇದಿ ಆದಾಗಲೂ ಇದು ಜೀವ ಉಳಿಸುತ್ತದೆ.

ಹಕ್ಕಿ, ಮೃಗ, ಗಿಡ

ಎರಡನೇ ಸಂಚಾರ ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮಕ್ಕೆ. ಊರ ನಡುವಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಹಳದಿ ಕೊಕ್ಕು, ಬಾಲದ ಹತ್ತಿರ ಗುಲಾಬಿ ಬಣ್ಣದ ಗರಿ. ಕಾಡಿನ ಹಕ್ಕಿ ಊರೊಳಗೆ ಯಾಕೆ ಬರುತ್ತೆ ಎಂದರೆ, ಆ ಊರಿನವರು ಅವಕ್ಕೆ ತೊಂದರೆ ಕೊಡದೆ ಕಾಯುತ್ತಾರೆ. ಹತ್ತಿರದ ಕೆರೆಗಳಲ್ಲಿ ಮೀನು ಸಿಗುತ್ತದೆ. ಕೆರೆ ಒಣಗಿದರೆ ಹಕ್ಕಿಗೂ ಕಷ್ಟ. ನಾವು ಅಲ್ಲಿ ಪಿಸುಮಾತಿನಲ್ಲೇ ಮಾತಾಡಿದ್ವಿ. ಮರದ ಕೆಳಗೆ ಗುಂಪು ಸೇರಲಿಲ್ಲ. ಆವತ್ತು ನಾನು ಎಲ್ಲರಿಗಿಂತ ಹಿಂದೆ ಇದ್ದೆ. ಚಿಕ್ಕ ಹುಡುಗ ನನ್ನ ಜೋಡಿ.

ನಮ್ಮದೇ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶ ಇದೆ. ಇದು 798 ಎಕರೆ ಹುಲ್ಲುಗಾವಲು. 2007ರಲ್ಲಿ ಘೋಷಣೆ ಆಯಿತು. ನಮ್ಮ ಪೆಟ್ರೋಲಿನ ಹೆಸರು ಜಿಂಕೆ ಆದ್ದರಿಂದ ನಮಗೆ ಒಂದು ಪ್ರಶ್ನೆ ಬಂತು. ಜಿಂಕೆಗೂ ಕೃಷ್ಣಮೃಗಕ್ಕೂ ಏನು ವ್ಯತ್ಯಾಸ? ಚುಕ್ಕೆ ಜಿಂಕೆಯ ಕೊಂಬು ಕವಲೊಡೆಯುತ್ತದೆ, ಉದುರಿ ಮತ್ತೆ ಬರುತ್ತದೆ. ಕೃಷ್ಣಮೃಗದ ಕೊಂಬು ಕವಲಿಲ್ಲದೆ ತಿರುಚಿಕೊಂಡಿರುತ್ತದೆ, ಉದುರುವುದಿಲ್ಲ. ಗಂಡು ಬೆಳೆದಂತೆ ಬೆನ್ನು ಕಪ್ಪಾಗುತ್ತದೆ. ಬರೀ ಮುಳ್ಳುಗಿಡ, ಹುಲ್ಲು ಇರುವ ಜಾಗವನ್ನು ನಾವು ಪಾಳು ಭೂಮಿ ಅಂತೀವಿ. ಆದರೆ ಆ ಮೃಗಕ್ಕೆ ಅದೇ ಮನೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಇದನ್ನು ಬೇಟೆಯಾಡುವುದು ದೊಡ್ಡ ಅಪರಾಧ. ಇಂತಹ ಜಾಗಕ್ಕೆ ಅರಣ್ಯ ಇಲಾಖೆಯವರನ್ನು ಕೇಳಿಯೇ ಹೋಗಬೇಕು.

ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟ ಔಷಧಿ ಗಿಡಗಳಿಗೆ ಹೆಸರಾಗಿದೆ. ಅಲ್ಲಿಗೆ ಹೋಗುವವರು ಎಲೆಯ ಚಿತ್ರ ಬರೆದುಕೊಳ್ಳಬೇಕು, ಗಿಡ ಕೀಳಬಾರದು. ಒಬ್ಬೊಬ್ಬ ಒಂದೊಂದು ಕಿತ್ತರೆ ನಾಳೆ ಬರುವವರಿಗೆ ಬೆಟ್ಟ ಮಾತ್ರ ಉಳಿಯುತ್ತದೆ.

ಹೊರಗೆ ಕಲಿತ ಎರಡು ಲೆಕ್ಕ

ಮರ ಹತ್ತದೆ ಎತ್ತರ ತಿಳಿಯುವುದು ಹೇಗೆ? 5 ಅಡಿ ಕೋಲನ್ನು ನೆಟ್ಟಗೆ ನಿಲ್ಲಿಸಿ. ಅದರ ನೆರಳು 4 ಅಡಿ ಇದೆ ಎಂದುಕೊಳ್ಳಿ. ಅದೇ ಹೊತ್ತಿನಲ್ಲಿ ಮರದ ನೆರಳು 32 ಅಡಿ ಇದ್ದರೆ, 32ನ್ನು 4ರಿಂದ ಭಾಗಿಸಿ 5ರಿಂದ ಗುಣಿಸಿ. ಮರದ ಎತ್ತರ 40 ಅಡಿ. ತರಗತಿಯಲ್ಲಿ ಅನುಪಾತದ ಲೆಕ್ಕ ತಲೆಗೆ ಹತ್ತದಿದ್ದವರಿಗೂ ಇದು ಹತ್ತಿತು.

ದಿಕ್ಸೂಚಿ ಇಲ್ಲದೆ ದಿಕ್ಕು ತಿಳಿಯುವುದು ಹೇಗೆ? ಬಿಸಿಲಲ್ಲಿ ಕೋಲು ನೆಟ್ಟು ನೆರಳಿನ ತುದಿಗೆ ಒಂದು ಕಲ್ಲಿಡಿ. 20 ನಿಮಿಷ ಬಿಟ್ಟು ನೆರಳಿನ ತುದಿಗೆ ಇನ್ನೊಂದು ಕಲ್ಲಿಡಿ. ಮೊದಲ ಕಲ್ಲು ಪಶ್ಚಿಮ, ಎರಡನೆಯದು ಪೂರ್ವ. ಸೂರ್ಯ ಪಶ್ಚಿಮಕ್ಕೆ ಸರಿದಂತೆ ನೆರಳು ಪೂರ್ವಕ್ಕೆ ಸರಿಯುವುದೇ ಇದಕ್ಕೆ ಕಾರಣ.

ಊರ ಸೇವೆ: ನೀರಿನ ಕೆಲಸ

ಸಂಚಾರ ಮುಗಿದ ಮೇಲೆ ಸೇವೆ. ಜಾತ್ರೆಯಲ್ಲಿ ಸಾಲು ನಿಲ್ಲಿಸುವುದು, ನೀರು ಕೊಡುವುದು, ತಪ್ಪಿಸಿಕೊಂಡ ಮಕ್ಕಳನ್ನು ತಂದೆ ತಾಯಿಗೆ ಸೇರಿಸುವುದು ಸ್ಕೌಟುಗಳ ಕೆಲಸ. ಪೋಲಿಯೋ ಭಾನುವಾರ ಮನೆ ಮನೆಗೆ ಹೋಗಿ ಚಿಕ್ಕ ಮಕ್ಕಳನ್ನು ಕರೆತರುವುದೂ ಉಂಟು. ಭಾರತಕ್ಕೆ ಪೋಲಿಯೋ ಮುಕ್ತ ದೇಶ ಎಂಬ ಮನ್ನಣೆ ಸಿಕ್ಕಿದ್ದು 2014ರ ಮಾರ್ಚ್‌ನಲ್ಲಿ. ಅದರಲ್ಲಿ ಹೀಗೆ ಮನೆ ಬಾಗಿಲು ತಟ್ಟಿದವರ ಪಾಲೂ ಇದೆ.

ನಮ್ಮ ಕಡೆಯ ದೊಡ್ಡ ಕಷ್ಟ ಫ್ಲೋರೈಡ್ ನೀರು. ಪಾವಗಡ ತಾಲ್ಲೂಕಿನಲ್ಲಿ ಇದು ಬಹಳ ಹೆಚ್ಚು. ಮಧುಗಿರಿ, ಶಿರಾ ಕಡೆಯೂ ಇದೆ. ನೆಲದ ಆಳದ ಕಲ್ಲಿನಲ್ಲಿರುವ ಫ್ಲೋರೈಡ್ ನೀರಿನಲ್ಲಿ ಕರಗುತ್ತದೆ. ಮಳೆ ಕಡಿಮೆಯಾಗಿ ಬೋರ್‌ವೆಲ್ ಆಳವಾದಂತೆ ಈ ನೀರೇ ಮೇಲೆ ಬರುತ್ತದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ದಾಟಬಾರದು. ಬೇರೆ ನೀರೇ ಇಲ್ಲದಿದ್ದರೆ ಹೆಚ್ಚೆಂದರೆ 1.5. ಜಾಸ್ತಿಯಾದರೆ ಮಕ್ಕಳ ಹಲ್ಲಿನಲ್ಲಿ ಹಳದಿ, ಕಂದು ಗೆರೆ ಬರುತ್ತವೆ. ಬಹಳ ವರ್ಷ ಕುಡಿದರೆ ಮೂಳೆ ಸೆಡೆತು ಮಂಡಿ, ಬೆನ್ನು ಬಗ್ಗುತ್ತವೆ. ಬಗ್ಗಿದ ಮೇಲೆ ಸರಿಯಾಗುವುದಿಲ್ಲ. ಇನ್ನೊಂದು ಮುಖ್ಯ ವಿಷಯ: ನೀರು ಕಾಯಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತದೆ. ಮಳೆ ನೀರಿನಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ.

ಮೇಷ್ಟ್ರು ನಮಗೆ ಒಂದು ಕೆಲಸ ಕೊಟ್ಟರು. ಮನೆ ಮನೆಗೆ ಹೋಗಿ "ಕುಡಿಯೋಕೆ ಯಾವ ನೀರು?" ಎಂದು ಕೇಳಿ ಬರೆಯಬೇಕು. ಊರಲ್ಲಿ ಶುದ್ಧ ನೀರಿನ ಘಟಕ ಇದೆ, ಎಲ್ಲರೂ ಅದನ್ನೇ ಕುಡಿಯುತ್ತಾರೆ ಅಂತ ನಾವು ಅಂದುಕೊಂಡಿದ್ವಿ. ಹಾಗಿರಲಿಲ್ಲ. ಒಂಟಿಯಾಗಿರುವ ಮುದುಕರ ಮೂರು ಮನೆಗಳಲ್ಲಿ ಬೋರಿನ ನೀರೇ ಕುಡೀತಿದ್ರು. ಒಬ್ಬ ಅಜ್ಜಿಗೆ ಮಂಡಿ ನೆಟ್ಟಗಾಗೋದೇ ಇಲ್ಲ. "ಘಟಕ ಇರೋದು ಊರ ಆ ಕಡೆ. ಕ್ಯಾನ್ ಹೊರೋರ್ಯಾರು ಮಗಾ? ಎದುರಿಗೆ ಬರೋ ನೀರೇ ಗತಿ" ಅಂದ್ರು. ನಾವು ದಿನಾ ಆ ಅಜ್ಜಿ ಮನೆ ಮುಂದೇನೇ ಶಾಲೆಗೆ ಹೋಗ್ತೀವಿ. ಯಾರೂ ಕೇಳಿರಲಿಲ್ಲ.

ಆಗ ಚಿಕ್ಕ ಹುಡುಗ ಒಂದು ಉಪಾಯ ಹೇಳಿದ. ಕ್ಯಾನಿನ ಹಿಡಿಗೆ ಹಗ್ಗ ಕಟ್ಟಿ, ಅದನ್ನು ಕೋಲಿಗೆ ಕ್ಲೋವ್ ಹಿಚ್ ಗಂಟು ಹಾಕಿ, ಇಬ್ಬರು ಹೆಗಲ ಮೇಲೆ ಹೊತ್ತರೆ ಆಯ್ತು. ಪೂರ್ತಿ ಕ್ಯಾನಿಗೆ 20 ಲೀಟರ್, ಅಂದರೆ 20 ಕೆಜಿ. ಚಿಕ್ಕವರಿಗೆ ಭಾರ. ಒಬ್ಬರ ಕುಡಿಯೋಕೆ, ಅಡುಗೆಗೆ 10 ಲೀಟರ್ ಸಾಕು. ಇಬ್ಬರಿಗೆ ಹಂಚಿದರೆ ಒಬ್ಬನಿಗೆ 5 ಕೆಜಿ. ನಮ್ಮ ಪುಸ್ತಕದ ಚೀಲದಷ್ಟೇ! ಜೋಡಿಗಳನ್ನು ಮಾಡಿ ವಾರದ ಪಟ್ಟಿ ಬರೆದ್ವಿ.

ಮೊದಲ ದಿನ ಎಲ್ಲರೂ ಬಂದರು, ಫೋಟೋ ತೆಗೆದರು. ಎರಡನೇ ವಾರವೂ ನಡೀತು. ಪರೀಕ್ಷೆ ಬಂದಾಗ ಒಬ್ಬೊಬ್ಬರೇ ತಪ್ಪಿಸಿದರು. ನಾನೂ ಎರಡು ದಿನ ತಪ್ಪಿಸಿದೆ. ಮೂರನೇ ದಿನ ಹೋದಾಗ ಚಿಕ್ಕ ಹುಡುಗ ಒಬ್ಬನೇ ಸಣ್ಣ ಬಿಂದಿಗೆಯಲ್ಲಿ ನೀರು ಹೊತ್ತುಕೊಂಡು ಹೋಗ್ತಿದ್ದ. "ನಿನ್ನ ಜೋಡಿ ಎಲ್ಲೋ?" ಅಂದೆ. "ಈ ಎರಡು ದಿನ ನೀನೇ ಅಲ್ವಾ ಅಣ್ಣಾ?" ಅಂದ. ಬೆಟ್ಟದಲ್ಲಿ ಮಾಡಿದ ತಪ್ಪನ್ನೇ ನಾನು ಊರಲ್ಲೂ ಮಾಡಿದ್ದೆ. ಅವತ್ತಿನಿಂದ ತಪ್ಪಿಸಿಲ್ಲ.

ಉಪಸಂಹಾರ

ಸ್ಕೌಟ್ ಅಂದರೆ ಬಟ್ಟೆ ಅಲ್ಲ, ಬ್ಯಾಡ್ಜೂ ಅಲ್ಲ. ಯಾರು ಹಿಂದೆ ಉಳಿದಿದ್ದಾರೆ ಎಂದು ತಿರುಗಿ ನೋಡುವುದು. ಒಂದು ದಿನ ನೋಡಿದರೆ ಸಾಲದು, ದಿನಾ ನೋಡಬೇಕು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ.

ಗೆಳೆಯರೇ, 7ನೇ ತರಗತಿಯ ನಾವು ಮುಂದಿನ ವರ್ಷ ಹೈಸ್ಕೂಲಿಗೆ ಹೋಗುತ್ತೇವೆ. ಆಗ ಬೆಳಗ್ಗೆ ಬೇಗ ಬಸ್ ಹತ್ತಬೇಕು. ಮೂರು ಮನೆಗೆ ನೀರು ಯಾರು ಕೊಡುತ್ತಾರೆ? 4, 5, 6ನೇ ತರಗತಿಯವರೇ, ಈ ಹಾಳೆಯ ಕೆಳಗೆ ಒಂದು ಖಾಲಿ ಪಟ್ಟಿ ಅಂಟಿಸಿದ್ದೇನೆ. ಸೋಮವಾರದಿಂದ ಭಾನುವಾರದವರೆಗೆ 7 ಸಾಲು ಇವೆ. ಒಂದೊಂದು ಸಾಲಿಗೆ ಇಬ್ಬರ ಹೆಸರು ಬೇಕು. ಸ್ಕೌಟ್ ಅಲ್ಲದವರೂ, ಹುಡುಗಿಯರೂ ಬರೆಯಬಹುದು. ಗಂಟು ಹಾಕೋದನ್ನು ಚಿಕ್ಕ ಹುಡುಗ ಹೇಳಿಕೊಡುತ್ತಾನೆ. ಮುಂದಿನ ವರ್ಷ ಜಿಂಕೆ ಪೆಟ್ರೋಲಿಗೆ ಅವನೇ ಲೀಡರ್.

ಅಭ್ಯಾಸ ಪ್ರಶ್ನೆಗಳು

1. ಭಾರತದ ಮೊದಲ ಸ್ಕೌಟ್ ದಳ ಎಲ್ಲಿ, ಯಾವಾಗ ಆರಂಭವಾಯಿತು?
2. ದಾರಿ ತಪ್ಪಿದಾಗ ಏನು ಮಾಡಬೇಕು?
3. ನೀರನ್ನು ಕಾಯಿಸಿದರೆ ಫ್ಲೋರೈಡ್ ಏಕೆ ಹೋಗುವುದಿಲ್ಲ?
4. ಶಾಲೆಯ ಧ್ವಜಸ್ತಂಭದ ಎತ್ತರವನ್ನು ನೆರಳಿನಿಂದ ಅಳೆದು ಬರೆಯಿರಿ.
5. ನಿಮ್ಮ ಬೀದಿಯಲ್ಲಿ ಯಾವ ನೀರು ಕುಡಿಯುತ್ತಾರೆ? ಕೇಳಿಕೊಂಡು ಬನ್ನಿ.

ಇಂತಿ,
7ನೇ ತರಗತಿ ವಿದ್ಯಾರ್ಥಿ
ಜಿಂಕೆ ಪೆಟ್ರೋಲ್